ಎಂಜಲಾಗದ ಪೀಪಾಯಿ

"ನನ್ನ ಬಳ್ಳಿ ಯಾರಿಗೆ ಏನು ಅನ್ಯಾಯ ಮಾಡಿತ್ತು?"

ಮುದುಕಿ ಎರ್ಮಿತಾಸ್ ಇದನ್ನು ಯಾರನ್ನೂ ಕೇಳಲಿಲ್ಲ. ದ್ರಾಕ್ಷಿ ಚಪ್ಪರದ ಕೆಳಗೆ ಕಲ್ಲುಬೆಂಚಿನ ಮೇಲೆ ಕೂತು, ಒಣಗಿದ ಬೀನ್ಸ್ ಸುಲಿಯುತ್ತ, ಕೊಲ್ಲಿಯ ಕಡೆಯಿಂದ ಏರಿ ಬರುತ್ತಿದ್ದ ಮಂಜಿಗೆ ಕೇಳಿದಳು. ಮಂಜು ಉತ್ತರ ಕೊಡುವ ಜಾತಿಯದಲ್ಲ. ಆದರೆ ಹಿತ್ತಲ ಬಾಗಿಲಲ್ಲಿ ನಿಂತು ಬೂಟಿನ ಕೆಸರು ಕೆರೆಯುತ್ತಿದ್ದ ಮಗ ಅಮಾರೊ ಲೋರಿದೊನ ಕಿವಿಗೆ ಆ ಮಾತು ಬಿತ್ತು. ಬಿದ್ದದ್ದು ಎದ್ದು ಹೋಗಲಿಲ್ಲ, ಅಲ್ಲೇ ಬೇರು ಬಿಟ್ಟಿತು.

ಬಳ್ಳಿ ಅವಳದೇ. ಮದುವಣಗಿತ್ತಿಯಾಗಿ ವಿಲಾರೆಲೊಗೆ ದೋಣಿಯಲ್ಲಿ ಬಂದ ದಿನ ತವರಿನ ಕಡ್ಡಿಯೊಂದನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು. ಈಗ ಅದರ ಬುಡ ಹಂದಿಯ ಕತ್ತಿನಷ್ಟು ದಪ್ಪ. ತೋಳುಗಳು ಕಲ್ಲುಕಂಬಗಳ ಮೇಲೆ ಹರಡಿ ಅರ್ಧ ಹಿತ್ತಲಿಗೆ ನೆರಳಾಗಿವೆ. ಹಣ್ಣು ಅಲ್ಬರೀನ್ಯೊ ತಳಿಯದು, ಸಣ್ಣದು, ದಪ್ಪ ಸಿಪ್ಪೆಯದು, ಉಪ್ಪುಗಾಳಿ ಕುಡಿದೇ ಬೆಳೆದದ್ದು. ಸೆಪ್ಟೆಂಬರಿನಲ್ಲಿ ಕೊಳ್ಳಲು ಬರುವ ವೈನ್ ಕಾರ್ಖಾನೆಯವನು ಒಂದು ಹಣ್ಣು ಬಾಯಿಗೆ ಹಾಕಿಕೊಂಡು, ಈ ಕೊಲ್ಲಿಯ ಸುತ್ತ ಇಂಥದ್ದಿಲ್ಲ ಎಂದು ಪ್ರತಿ ವರ್ಷ ಹೇಳುತ್ತಾನೆ. ಪ್ರತಿ ವರ್ಷ ನವೆಂಬರಿನಲ್ಲಿ ಅದೇ ಹಣ್ಣಿನ ವೈನ್ ಕುಡಿದು ಪಾದ್ರಿ ಎಲಾಡಿಯೊ ಮುಖ ಕಿವುಚುತ್ತಾರೆ. ಹಣ್ಣು ಚಿನ್ನ, ಕೈ ಕಬ್ಬಿಣ ಎಂದು ಊರು ತೀರ್ಮಾನಿಸಿತ್ತು. ಕೈ ಅಮಾರೊನದು.

ವಿಲಾರೆಲೊದಲ್ಲಿ ಹಳೆಯ ಬಳ್ಳಿ ಇರುವ ಮನೆಯವರು ಹಣ್ಣೆಲ್ಲ ಮಾರಿದರೂ ಒಂದು ಸಣ್ಣ ಪೀಪಾಯಿಗಾಗುವಷ್ಟನ್ನು ಮಾರುವುದಿಲ್ಲ. ಅದು ಊರ ಸಂತ ಮಾರ್ತಿನ್ಯೊನ ಪಾಲು. ರಸ ಹುಳಿತು ತಣ್ಣಗಾದ ಮೇಲೆ ಇಗರ್ಜಿಯ ಗಂಟೆಯಾಳು ಮನೆಮನೆಗೆ ಬಂದು ಪೀಪಾಯಿಯ ಬಾಯಿಗೆ ಮೇಣದ ಮುದ್ರೆ ಒತ್ತುತ್ತಾನೆ. ಸಂತನ ಹಬ್ಬದ ಬೆಳಿಗ್ಗೆ ಅವನೇ ಬಂದು ಮುದ್ರೆ ಒಡೆದು, ಮನೆಗೊಂದು ಹೂಜಿ ತುಂಬಿಸಿಕೊಂಡು ಹೋಗುತ್ತಾನೆ. ಯಾವ ಹೂಜಿ ಯಾರ ಮನೆಯದೆಂದು ಅರಿಯದ ಪಾದ್ರಿ ಒಂದೊಂದೇ ಗುಟುಕು ಕುಡಿದು ಒಂದನ್ನು ಆರಿಸುತ್ತಾರೆ. ಆಮೇಲೆ ವರ್ಷವಿಡೀ ಬಲಿಪೂಜೆಯ ಪಾತ್ರೆಗೆ ಅದೇ ವೈನ್. ಭಾನುವಾರಕ್ಕೂ ಅದೇ, ಮದುವೆಗೂ ಅದೇ, ಮಣ್ಣಿಗೂ ಅದೇ. ಪ್ರತಿ ಪೂಜೆಯ ಕೊನೆಯಲ್ಲಿ ಆ ಮನೆಯ ಹೆಸರು ಹೇಳುತ್ತಾರೆ.

ಒಂದು ಕಟ್ಟಳೆ ಮಾತ್ರ ಕಲ್ಲಿನಷ್ಟು ಗಟ್ಟಿ. ಹಿಂಡಿದ ರಸ ಪೀಪಾಯಿಗೆ ಇಳಿದ ಗಳಿಗೆಯಿಂದ ಪಾದ್ರಿಯ ನಾಲಿಗೆಗಿಂತ ಮೊದಲು ಬೇರೆ ನಾಲಿಗೆ ಅದನ್ನು ಮುಟ್ಟಬಾರದು. ಮುಟ್ಟಿದರೆ ಎಂಜಲು. ಎಂಜಲನ್ನು ಸಂತನ ಮುಂದಿಟ್ಟ ಮನೆ ಉದ್ಧಾರವಾದದ್ದಿಲ್ಲ.

ಎರ್ಮಿತಾಸ್‌ಗೆ ಉಳಿದಿದ್ದ ಆಸೆ ಒಂದೇ. ಕಳೆದ ಶರತ್ಕಾಲದಿಂದ ಕೆಮ್ಮು ಹಿಡಿದಿತ್ತು. ಮುಂದಿನ ವರ್ಷದ ಚಿಗುರು ನೋಡಿದರೆ ಹೆಚ್ಚು ಎಂದು ಡಾಕ್ಟರು ಅಮಾರೊನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಹೇಳದಿದ್ದರೂ ಮುದುಕಿಗೆ ಗೊತ್ತಿತ್ತು.

"ನನ್ನ ಮಣ್ಣಿನ ದಿನ ಪಾದ್ರಿ ಎತ್ತೋ ಪಾತ್ರೇಲಿ ನನ್ನ ಬಳ್ಳಿ ವೈನ್ ಇರಬೇಕು," ಎಂದಿದ್ದಳು. "ಅಲ್ಲಿ ಪಾದಿನ್ ಮನೇದಿದ್ರೆ ಪೆಟ್ಟಿಗೆಯಿಂದ ಎದ್ದು ಕೂರ್ತೀನಿ. ಆಮೇಲೆ ನನ್ನ ಮಲಗಿಸೋದು ನಿಂಗೇ ಕಷ್ಟ, ನೋಡ್ಕೋ."

ಪಾದಿನ್ ಮನೆ ಪಕ್ಕದ್ದು. ಅದರ ಯಜಮಾನ ಸಿಬ್ರಾನ್ ಪಾದಿನ್ ಕೊಲ್ಲಿಯಲ್ಲಿ ತೆಪ್ಪ ಕಟ್ಟಿ, ಹಗ್ಗ ಇಳಿಬಿಟ್ಟು ಪಚ್ಚಿಲೆ ಚಿಪ್ಪು ಬೆಳೆಸುವವನು. ಅವನ ಬಳ್ಳಿಗಳು ಗುಡ್ಡದ ನೆರಳಿನ ಮಗ್ಗುಲಲ್ಲಿ, ಬಿಸಿಲು ನೆಂಟನಂತೆ ಬಂದು ಹೋಗುವ ಕಡೆ. ಅವನು ಅವನ್ನು ಸವರಿದ್ದನ್ನಾಗಲಿ ಔಷಧಿ ಹೊಡೆದದ್ದನ್ನಾಗಲಿ ಯಾರೂ ಕಂಡಿರಲಿಲ್ಲ. ಆದರೂ ಹನ್ನೊಂದು ವರ್ಷದಿಂದ ಪಾತ್ರೆಗೆ ಅವನದೇ ವೈನ್. ಪಡಖಾನೆಯಲ್ಲಿ ಅಮಾರೊ ಕಾಲಿಟ್ಟರೆ ಸಾಕು, ಮೂಲೆಯಿಂದ ಯಾರಾದರೊಬ್ಬ, "ಏನು ಅಮಾರೊ, ಪಾದ್ರಿಗಳು ನಿನ್ನ ವೈನ್‌ನ ಉಳುಕಿಗೆ ಹಚ್ಚಿಕೊಂಡ್ರಂತೆ, ಕಾಲು ವಾಸಿ ಆಯ್ತಂತೆ?" ಎನ್ನುವನು. ಎಲ್ಲ ನಗುವರು. ಸಿಬ್ರಾನ್ ಮಾತ್ರ ನಗದೆ ಬಟ್ಟಲಿನ ತಳ ನೋಡುವನು. ಆ ನಗದಿರುವಿಕೆಯೇ ಅಮಾರೊನಿಗೆ ಎಲ್ಲಕ್ಕಿಂತ ದೊಡ್ಡ ಅವಮಾನ.

ಹಬ್ಬದ ದಿನ ಎಲ್ಲರಿಗೂ ಗೆದ್ದ ವೈನ್ ಒಂದು ಗುಟುಕು ಹಂಚುತ್ತಾರೆ. ಎರ್ಮಿತಾಸ್ ಅದನ್ನು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ನುಂಗುತ್ತಿರಲಿಲ್ಲ. "ಏನೋ ನೆನಪಾಗುತ್ತೆ ಮಗ, ಏನು ಅಂತ ಸಿಗಲ್ಲ," ಎನ್ನುವಳು. ವಯಸ್ಸು, ಪಾಪ, ಎಂದುಕೊಂಡು ಅಮಾರೊ ಅವಳ ಶಾಲು ಸರಿಪಡಿಸುವನು.

ಈ ವರ್ಷವಂತೂ ಸಿಬ್ರಾನ್‌ಗೆ ಹುಚ್ಚೇ ಹಿಡಿದಿತ್ತು. ವಸಂತದಿಂದಲೇ ಏಣಿ ಹಾಕಿಕೊಂಡು ಬಳ್ಳಿಯ ಒಂದೊಂದು ಎಲೆಯ ಅಡಿಗೂ ಮೈಲುತುತ್ತಿನ ನೀರು ಹೊಡೆಯುತ್ತಿದ್ದ. ಗೋಡೆಯ ಈಚೆಯಿಂದ ಅಮಾರೊ ಕೇಳಿದ:

"ಏನ್ ಮಾರಾಯ, ಪಚ್ಚಿಲೆ ಬಿಟ್ಟು ಎಲೆ ಒರೆಸೋಕೆ ಶುರು ಮಾಡಿದ್ಯಾ?"

"ಈ ಸಲ ಸರಿಯಾಗಿ ಮಾಡೋಣ ಅಂತ."

"ಇಷ್ಟು ವರ್ಷ ಸರಿಯಾಗಿರ್ಲಿಲ್ವಾ?"

ಸಿಬ್ರಾನ್ ಏಣಿಯ ಮೇಲೆ ಕಿವಿಯವರೆಗೂ ಕೆಂಪಾದ. "ಆ ಮಾತು ಬಿಡು," ಎಂದು ಬೆನ್ನು ತಿರುಗಿಸಿದ. ಅಮಾರೊನಿಗೆ ಎಲ್ಲವೂ ಅರ್ಥವಾಯಿತು. ಕೈಬೀಸಿಕೊಂಡೇ ಗೆಲ್ಲುತ್ತಿದ್ದವನು ಮೈಬಗ್ಗಿಸಿದರೆ ಇನ್ನು ಈ ಜನ್ಮದಲ್ಲಿ ಲೋರಿದೊ ಮನೆಯ ಹೆಸರು ಇಗರ್ಜಿಯಲ್ಲಿ ಕೇಳುವುದಿಲ್ಲ. ಅಮ್ಮನಿಗೆ ಉಳಿದಿದ್ದುದೋ ಒಂದೇ ನವೆಂಬರು.

ಅಲ್ಲಿಂದ ಅವನ ತಲೆ ತನ್ನಷ್ಟಕ್ಕೆ ಕೆಲಸ ಮಾಡತೊಡಗಿತು.

ಮೊದಲು ಪಾಪದ ಪ್ರಶ್ನೆ. ಅಮಾರೊ ಭಾನುವಾರ ತಪ್ಪಿಸುವವನಲ್ಲ. ದೇವರ ಸಮಾಧಾನ ಮಾಡದೆ ಹೆಜ್ಜೆ ಇಡುವವನೂ ಅಲ್ಲ. ಸಿಬ್ರಾನ್‌ನ ಪೀಪಾಯಿಯ ವೈನ್ ತನ್ನದಕ್ಕೆ, ತನ್ನದು ಅವನದಕ್ಕೆ. ಊರಿನಿಂದ ಒಂದು ಹನಿ ಆಚೆ ಹೋಗುವುದಿಲ್ಲ. ಸಂತನಿಗೆ ಸಿಗುವುದು ಸಿಕ್ಕೇ ಸಿಗುತ್ತದೆ, ಪಾದ್ರಿಗೂ ಒಳ್ಳೆಯದೇ ಕುಡಿಯಲು ಸಿಗುತ್ತದೆ. ಬದಲಾಗುವುದು ಹೆಸರೊಂದೇ. ಹೆಸರಿಗೇನು ತೂಕ? ಮೇಲಾಗಿ ಇದು ಹೆತ್ತವಳಿಗಾಗಿ. ಹೆತ್ತವರನ್ನು ಗೌರವಿಸು ಎಂಬ ಆಜ್ಞೆ ಕದಿಯಬೇಡ ಎಂಬುದಕ್ಕಿಂತ ಮೊದಲು ಬರುತ್ತದೆ. ದೇವರೇ ಹಾಗೆ ಸಾಲಾಗಿ ಬರೆದಿರುವಾಗ ಅದಕ್ಕೊಂದು ಕಾರಣ ಇರಲೇಬೇಕು.

ಆಮೇಲೆ ವಿಧಾನದ ಪ್ರಶ್ನೆ. ಬಾಯಿಗೆ ಮುದ್ರೆ ಇದೆ, ಅದನ್ನು ಮುಟ್ಟುವಂತಿಲ್ಲ. ಅವನ ಅಜ್ಜ ಹಿಂದೆ ಪೀಪಾಯಿ ಸಾಗಿಸುವ ದೋಣಿಯಲ್ಲಿದ್ದವನು. ದಾರಿಯಲ್ಲಿ ಬಾಯಾರಿದ ನಾವಿಕರು ಏನು ಮಾಡುತ್ತಿದ್ದರೆಂದು ಕುಡಿದಾಗಲೆಲ್ಲ ಹೇಳುತ್ತಿದ್ದ. ಪೀಪಾಯಿಗೆ ಬಿಗಿದ ಕಬ್ಬಿಣದ ಬಳೆಯನ್ನು ಮೆಲ್ಲನೆ ತಟ್ಟಿ ಪಕ್ಕಕ್ಕೆ ಸರಿಸಬೇಕು. ಅದರಡಿಯ ಹಲಗೆಗೆ ಸಣ್ಣ ತೂತು, ವೈನ್ ಇಳಿಯುವುದಕ್ಕೆ. ಮೇಲಿನ ಬಳೆಯಡಿ ಇನ್ನೊಂದು, ಗಾಳಿಗೆ. ಕೆಲಸ ಮುಗಿದ ಮೇಲೆ ಮರದ ಬೆಣೆ ಬಡಿದು, ಬಳೆಯನ್ನು ಮತ್ತೆ ಜಾಗಕ್ಕೆ ಕೂರಿಸಬೇಕು. ಬಳೆಯಡಿಯ ತೂತು ಬಳೆಗೆ ಮಾತ್ರ ಗೊತ್ತು ಎಂಬುದು ಅಜ್ಜನ ಗಾದೆ. ಸಂತನ ಪೀಪಾಯಿಗಳೆಲ್ಲ ಈಗ ತೀರಿಹೋಗಿರುವ ಒಬ್ಬನೇ ಬಡಗಿ ಒಂದೇ ಅಳತೆಗೆ ಮಾಡಿದ ಚೆಸ್ಟ್‌ನಟ್ ಮರದವು. ಅವಳಿಗಳಿಗೆ ಅಂಗಿ ಬದಲಿಸಿದಂತೆ, ಅಷ್ಟೇ.

ದಿನ ಯಾವುದೆಂಬುದು ಯೋಚಿಸುವ ಮಾತೇ ಅಲ್ಲ. ಸಂತನ ಹಬ್ಬಕ್ಕೆ ಕೆಲವೇ ದಿನ ಮುಂಚೆ ಬರುವ ಸಕಲ ಮೃತರ ಸ್ಮರಣೆಯ ಮಧ್ಯಾಹ್ನ ವಿಲಾರೆಲೊದ ಮನೆಗಳಲ್ಲಿ ಬೆಕ್ಕು ಸಹ ಇರುವುದಿಲ್ಲ. ಸೇವಂತಿಗೆ, ಮೇಣದಬತ್ತಿ, ಉಜ್ಜುವ ಬ್ರಷ್ಷು ಹಿಡಿದು ಎಲ್ಲರೂ ಗುಡ್ಡದ ಮೇಲಿನ ಸ್ಮಶಾನದಲ್ಲಿ. ಅಮ್ಮನಿಗೆ ಹತ್ತಲಾಗದು, ಅವಳಿಗೆ ಗಂಜಿ ಕುಡಿಸಿ ಮಲಗಿಸಿ ಬರುತ್ತೇನೆ ಎಂದರೆ ಇಡೀ ಊರು ತಲೆದೂಗುತ್ತದೆ. ನೆಲಮಾಳಿಗೆಗಳಿಗೆ ಬೀಗವಿದ್ದರೂ ಬೀಗದ ಕೈ ಬಾಗಿಲ ಮೇಲಿನ ಮೊಳೆಯಲ್ಲೇ ತೂಗುತ್ತಿರುತ್ತದೆ. ಸಿಬ್ರಾನ್‌ನ ನಾಯಿ ಕಾಪಿತಾನ್ ಒಂದು ತೊಡಕು. ಅದಕ್ಕೆ ಬೇಯಿಸಿದ ಆಕ್ಟೋಪಸ್‌ನ ಒಂದು ಕಾಲು. ಬೇಗ ಅಗಿದು ಮುಗಿಯದ ಲಂಚ ಅದಕ್ಕಿಂತ ಇನ್ನೊಂದಿಲ್ಲ.

ಕೊನೆಗೆ ಉಳಿದದ್ದೇ ಬಹಳ ನಾಜೂಕಿನದು. ಒಂದು ಪಾತ್ರೆಯಿಂದ ಇನ್ನೊಂದಕ್ಕೆ ವೈನ್ ಸಾಗಿಸಲು ಯಾರೇ ಆದರೂ ಕೊಳವೆಯ ತುದಿಯನ್ನು ಬಾಯಲ್ಲಿಟ್ಟು ಎಳೆಯುತ್ತಾರೆ. ಆದರೆ ಇದು ಸಂತನ ಪಾಲು. ನಾಲಿಗೆಗೆ ಹನಿ ತಗುಲಿದರೆ ಎಂಜಲು, ಎಂಜಲಿನ ವೈನ್ ಅಮ್ಮನ ಶವದ ಮುಂದೆ! ನೆನೆದೇ ಅಮಾರೊ ಶಿಲುಬೆಯ ಗುರುತು ಹಾಕಿಕೊಂಡ. ಕಂಬಾದೊಸ್ ಪೇಟೆಗೆ ಹೋಗಿ, ದೋಣಿಯ ಎಂಜಿನ್‌ಗೆ ಎಣ್ಣೆ ಹರಿಸಲು ಕೈಯಲ್ಲಿ ಹಿಸುಕುವ ರಬ್ಬರ್ ಉಂಡೆಯ ಪಂಪೊಂದನ್ನು, ಎಣ್ಣೆ ಕಾಣದ ಹೊಚ್ಚಹೊಸದನ್ನು ಕೊಂಡ. ಜೊತೆಗೊಂದು ತೆಳ್ಳನೆಯ ಬೈರಿಗೆ.

"ಯಾವ ಎಂಜಿನ್‌ಗಣ್ಣ?" ಎಂದ ಅಂಗಡಿಯವನು.

"ಹಳೇದು. ಬಾಯಾರಿಕೆ ಜಾಸ್ತಿ."

"ನಂ ಮಾವನ ಥರ," ಎಂದು ಅಂಗಡಿಯವನು ಕಟ್ಟಿಕೊಟ್ಟ.

ಆ ಮಧ್ಯಾಹ್ನ ಮಂಜು ಅಂಗಳದವರೆಗೂ ಬಂದು ನಿಂತಿತ್ತು, ಕಾವಲಿಗೆ ಬಂದವರಂತೆ. ಅಮ್ಮ ಗಂಜಿ ಕುಡಿದು ನಿದ್ದೆ ಹೋದಳು. ಕಾಪಿತಾನ್ ಆಕ್ಟೋಪಸ್ ಕಾಲನ್ನು ಕಚ್ಚಿಕೊಂಡು ಕೋಸಿನ ಮಡಿಯ ನಡುವೆ ಮರೆಯಾಯಿತು. ಅಮಾರೊ ಪಾದಿನ್ ನೆಲಮಾಳಿಗೆಗೆ ಇಳಿದು, ಟೋಪಿ ತೆಗೆದು, ಪೀಪಾಯಿಯ ಕೆಳಗಿನ ಬಳೆಯನ್ನು ಮರದ ಸುತ್ತಿಗೆಯಿಂದ ತಟ್ಟಿದ. ಬಳೆ ಬೆಣ್ಣೆಯಂತೆ ಸರಿಯಿತು. ಅಡಿಯ ಹಲಗೆಗೆ ಬೈರಿಗೆ ಇಡಬೇಕೆನ್ನುವಾಗ ನೋಡುತ್ತಾನೆ, ಅಲ್ಲಿ ಆಗಲೇ ಒಂದು ತೂತು, ಅದಕ್ಕೊಂದು ಬೆಣೆ! ಮೇಲಿನ ಬಳೆ ಸರಿಸಿದರೆ ಅಲ್ಲೂ ಒಂದು.

ಅಮಾರೊ ತನ್ನ ನೆಲಮಾಳಿಗೆಗೆ ಓಡಿ ತನ್ನ ಪೀಪಾಯಿಯ ಬಳೆಗಳನ್ನು ಸರಿಸಿದ. ಅಲ್ಲೂ ಎರಡು, ಅದೇ ಜಾಗದಲ್ಲಿ. ಆಗ ನಿರಾಳವಾಗಿ ನಕ್ಕ. ಎಲ್ಲ ಆ ಬಡಗಿಯ ಕೈಗುಣ. ಗಂಟು ಬಿದ್ದ ಹಲಗೆ ಹಾಕಿ, ತೂತಿಗೆ ಬೆಣೆ ಬಡಿದು, ಮೇಲೆ ಬಳೆ ಮುಚ್ಚಿ ಊರನ್ನೇ ಏಮಾರಿಸಿದ್ದಾನೆ ಕಳ್ಳ! ಸತ್ತವರ ದಿನ ಸತ್ತವರನ್ನು ಬಯ್ಯಬಾರದೆಂದು ನೆನಪಾಗಿ, ಅವನ ಆತ್ಮಕ್ಕೊಂದು ಪುಟ್ಟ ಪ್ರಾರ್ಥನೆ ಹೇಳಿ, ಬೈರಿಗೆಯನ್ನು ಜೇಬಿಗೆ ಹಾಕಿಕೊಂಡ. ಸಂತನೇ ದಾರಿ ಕೊರೆದಿಟ್ಟಿರುವಾಗ ಭಕ್ತನಿಗೇನು ಕೆಲಸ?

ಉಳಿದದ್ದು ನೀರು ಕುಡಿದಷ್ಟು ಸುಲಭ. ಸಿಬ್ರಾನ್‌ನ ವೈನ್ ತೊಳೆದ ಹಾಲಿನ ಕ್ಯಾನುಗಳಿಗೆ, ತನ್ನದು ಸಿಬ್ರಾನ್‌ನ ಪೀಪಾಯಿಗೆ, ಕ್ಯಾನಿನದು ತನ್ನದಕ್ಕೆ. ರಬ್ಬರ್ ಉಂಡೆ ಅವನ ಮುಷ್ಟಿಯಲ್ಲಿ ಜಪಮಣಿಯಂತೆ ಆಡಿತು. ಸಿಬ್ರಾನ್‌ನ ವೈನ್ ಹರಿಯುವಾಗ ಹಸಿರು ಸೇಬಿನ, ಒದ್ದೆ ಕಲ್ಲಿನ, ಕಡಲಿನ ಪರಿಮಳ ಬಂದಂತೆನಿಸಿತು. ಅಮಾರೊ ಕಣ್ಣು ಮುಚ್ಚಿ, ಆಹಾ, ಇದು ವೈನ್ ಎಂದುಕೊಂಡ. ತನ್ನದು ಹರಿಯುವಾಗ ಮೂಗು ಪಕ್ಕಕ್ಕೆ ತಿರುಗಿಸಿದ. ಹೆಬ್ಬೆರಳಿಗೆ ಎರಡು ಹನಿ ಸಿಡಿದವು. ಬೆರಳು ತಾನಾಗಿಯೇ ಬಾಯಿಯ ಕಡೆ ಹೊರಟಿತು. ಹಾಗೆ ಹೊರಟ ಬೆರಳನ್ನು ಅವನು ಇನ್ನೊಂದು ಕೈಯಿಂದ ಹಿಡಿದು ಕೆಳಗಿಳಿಸಿ, ಬಾವಿಯ ನೀರಿನಲ್ಲಿ ಸೋಪು ಹಾಕಿ ತೊಳೆದ. ಕಳ್ಳತನ ಬೇರೆ, ಎಂಜಲು ಬೇರೆ.

ಬೆಣೆ ಬಡಿದು, ಬಳೆ ಕೂರಿಸಿ, ಬೀಗದ ಕೈಯನ್ನು ಮೊಳೆಗೆ ತೂಗಿಸಿ, ಸೇವಂತಿಗೆ ಹಿಡಿದು ಸ್ಮಶಾನಕ್ಕೆ ಹತ್ತಿದಾಗ ಇನ್ನೂ ಬೆಳಕಿತ್ತು. ಅಪ್ಪನ ಗೋರಿಗೆ ಬತ್ತಿ ಹಚ್ಚುತ್ತಿರುವಾಗ ಪಕ್ಕದ ಗೋರಿಯಿಂದ ಸಿಬ್ರಾನ್ ಎದ್ದು ಬಂದ. ಅವನ ಕಣ್ಣು ಒದ್ದೆಯಾಗಿತ್ತು.

"ಅಮ್ಮ ಹೇಗಿದ್ದಾಳೆ?"

"ಹಬ್ಬದವರೆಗೆ ಇರ್ತೀನಿ ಅಂತ ಹಠ."

"ಇರ್ತಾಳೆ. ಈ ಸಲ ನಿಮ್ಮದೇ ಬರುತ್ತೆ ಅಮಾರೊ. ನನ್ನ ಮಾತು ಬರೆದಿಟ್ಕೋ."

ಎಂಥ ಅಣಕ! ಆದರೆ ಈ ಸಲ ಅದು ಚುಚ್ಚಲಿ‍ಲ್ಲ, ಕಚಗುಳಿಯಿಟ್ಟಿತು. "ನಂಗೂ ಹಾಗೇ ಅನ್ನಿಸ್ತಿದೆ," ಎಂದ ಅಮಾರೊ, ಅತ್ಯಂತ ವಿನಯದಿಂದ.

ಹಬ್ಬದ ಬೆಳಿಗ್ಗೆ ಇಗರ್ಜಿಯ ಜಗಲಿಯ ಮುಂದೆ ಚೆಸ್ಟ್‌ನಟ್ ಸುಡುವ ಹೊಗೆ. ಕಲ್ಲಿನ ಮೇಜಿನ ಮೇಲೆ ಸಾಲಾಗಿ ಹೂಜಿಗಳು, ಕೊರಳಿಗೆ ಬಣ್ಣಬಣ್ಣದ ದಾರ. ಲೋರಿದೊ ಮನೆಗೆ ಕೆಂಪು ದಾರ ಬಿದ್ದದ್ದನ್ನು ಅಮಾರೊ ಗಂಟೆಯಾಳಿನ ಭುಜದ ಮೇಲಿಂದ ಇಣುಕಿ ನೋಡಿಕೊಂಡಿದ್ದ. ಅಮ್ಮನನ್ನು ದಿಂಬು ಹಾಸಿದ ಕೈಗಾಡಿಯಲ್ಲಿ ಕೂರಿಸಿ ತಳ್ಳಿಕೊಂಡು ಬಂದಿದ್ದ. ಪೆಟ್ಟಿಗೆಯಲ್ಲಿ ಎಂದೋ ಮಡಿಸಿಟ್ಟಿದ್ದ ಕರಿಯ ಶಾಲು ಹೊದಿಸಿದ್ದ.

"ಯಾಕೋ ಹೀಗೆ ಸಿಂಗಾರ? ನಾನೇನು ಇವತ್ತೇ ಹೋಗ್ತೀನಾ?"

"ಈ ಸಲ ನಮ್ಮದಮ್ಮ. ನನ್ನ ಮನಸ್ಸು ಹೇಳ್ತಿದೆ."

"ನಿನ್ನ ಮನಸ್ಸು ಮೂವತ್ತು ವರ್ಷದ ಹಿಂದೆ ಆ ದರ್ಜಿ ಮಗಳು ನಿನ್ನ ಮದುವೆ ಆಗ್ತಾಳೆ ಅಂತಾನೂ ಹೇಳಿತ್ತು," ಎಂದಳು ಎರ್ಮಿತಾಸ್. ಆದರೆ ಶಾಲಿನ ಅಂಚನ್ನು ನೀಟಾಗಿ ಎಳೆದುಕೊಂಡಳು.

ಪಾದ್ರಿ ಎಲಾಡಿಯೊ ಬಿಳಿ ಪಿಂಗಾಣಿ ಬಟ್ಟಲು ಹಿಡಿದು ಸಾಲಿಗಿಳಿದರು. ಹಸಿರು ದಾರಕ್ಕೆ ತಲೆಯಾಡಿಸಿದರು. ಹಳದಿಗೆ ಹುಬ್ಬೇರಿಸಿದರು. ಕೆಂಪು ದಾರದ ಹೂಜಿಯಿಂದ ಒಂದು ಗುಟುಕು ಬಾಯಿಗಿಟ್ಟರು. ಅವರ ಮುಖ ಹಿಂಡಿದ ನಿಂಬೆಯ ಹೋಳಾಯಿತು. ಜನ ಕಿಸಕ್ಕೆಂದರು. ಅಮಾರೊನ ಮುಗುಳ್ನಗೆ ಮಾತ್ರ ಇದ್ದಲ್ಲೇ ಇತ್ತು, ಸುದ್ದಿ ಇನ್ನೂ ಮುಟ್ಟಿರಲಿಲ್ಲವೆಂಬಂತೆ. ಪಾದ್ರಿ ಬಾಯಿ ಮುಕ್ಕಳಿಸಿ ನೀಲಿ ದಾರಕ್ಕೆ ಬಂದರು. ಕುಡಿದರು. ಬಟ್ಟಲು ಕೆಳಗಿಡಲಿಲ್ಲ. ಇನ್ನೊಮ್ಮೆ ಕುಡಿದು, ಕಣ್ಣು ಮುಚ್ಚಿ, ಕಡಲಿನ ಕಡೆ ಮುಖ ಮಾಡಿ ನಿಂತರು.

"ಇಷ್ಟು ವರ್ಷದಲ್ಲಿ ಇಂಥದ್ದು ಕುಡಿದಿಲ್ಲ. ಯಾರ ಮನೆಯದಪ್ಪ ಇದು?"

ಗಂಟೆಯಾಳು ಜೋರಾಗಿ ಕೂಗಿದ: "ಪಾದಿನ್ ಮನೆ!"

ಎರ್ಮಿತಾಸ್ ಶಾಲನ್ನು ಹಣೆಯ ಮೇಲೆ ಎಳೆದುಕೊಂಡು ಕೈಗಾಡಿಯಲ್ಲಿ ಇನ್ನಷ್ಟು ಚಿಕ್ಕವಳಾದಳು. ಅಮಾರೊ ಮೇಜಿನ ಹತ್ತಿರ ಹೋಗಿ ಕೆಂಪು ದಾರದ ಹೂಜಿಯಿಂದ ಬಗ್ಗಿಸಿ ಕುಡಿದ. ಈಗ ಎಂಜಲಿನ ಭಯವಿರಲಿಲ್ಲ. ಹಲ್ಲು ಜುಮ್ಮೆನ್ನುವ ಹುಳಿ, ಹಿಂದೆಯೇ ಒಂದು ಬೂಷ್ಟಿನ ವಾಸನೆ. ತಾನು ಮಾಡಿದ ಕೆಲಸವನ್ನು ಮೊದಲಿನಿಂದ ನೆನಪಿಸಿಕೊಂಡ. ಅವನದು ಕ್ಯಾನಿಗೆ, ನನ್ನದು ಅವನದಕ್ಕೆ, ಕ್ಯಾನಿನದು ನನ್ನದಕ್ಕೆ. ಎಲ್ಲೂ ಕೈತಪ್ಪಿರಲಿಲ್ಲ.

ಆಗ ಸಿಬ್ರಾನ್ ಅವನ ತೋಳು ಹಿಡಿದು ಇಗರ್ಜಿಯ ಹಿಂದಿನ ಕಮೀಲಿಯಾ ಮರದ ಕೆಳಗೆ ಎಳೆದೊಯ್ದ. ದೊಡ್ಡ ಗಂಡಸು ಮಗುವಿನಂತೆ ಅಳುತ್ತಿದ್ದ, ಅಳುವಿನ ನಡುವೆ ನಗುತ್ತಿದ್ದ.

"ಅಮಾರೊ, ನಾನು ಕಳ್ಳ. ಇದನ್ನ ಇವತ್ತು ಹೇಳದಿದ್ರೆ ಎದೆ ಒಡೆದುಹೋಗುತ್ತೆ. ಹನ್ನೊಂದು ವರ್ಷ ನೀವೆಲ್ಲ ಸ್ಮಶಾನಕ್ಕೆ ಹೋದಾಗ ನಿನ್ನ ಪೀಪಾಯಿ ವೈನ್ ನನ್ನದಕ್ಕೆ ತುಂಬ್ಕೊಂಡು, ನನ್ನದನ್ನ ನಿನ್ನದಕ್ಕೆ ಸುರೀತಿದ್ದೆ. ಪಾದ್ರಿ ಹೊಗಳಿದ್ದೆಲ್ಲ ನಿಮ್ಮಮ್ಮನ ಬಳ್ಳೀನ. ಜನ ಬೈದಿದ್ದೆಲ್ಲ ನನ್ನ ವೈನ್‌ನ."

ಅಮಾರೊನ ಮೈಯಲ್ಲಿ ಮೊದಲು ಹರಿದದ್ದು ಸಿಟ್ಟಲ್ಲ, ಹಗುರ. ಹಾಗಾದರೆ ತಾನು ಕದ್ದದ್ದು ಕಳ್ಳತನವೇ ಅಲ್ಲ. ತನ್ನದನ್ನು ತಾನು ವಾಪಸು ತಂದುಕೊಂಡದ್ದು. ಸಂತ ನ್ಯಾಯವಂತ! ಆದರೆ ನಾಲಿಗೆಯ ಮೇಲೆ ಆ ಹುಳಿ ಇನ್ನೂ ಕೂತಿತ್ತು. ವಾಪಸು ಬಂದದ್ದು ಅಮ್ಮನ ಬಳ್ಳಿಯದಾದರೆ ಇದೇನು?

"ಈ ವರ್ಷ ಒಂದು ಬಿಟ್ಟು," ಎಂದ ಸಿಬ್ರಾನ್, ಮೂಗು ಒರೆಸಿಕೊಳ್ಳುತ್ತ. "ಫೆಬ್ರವರೀಲಿ ತೆಪ್ಪದ ಹತ್ರ ದೋಣಿ ಮಗುಚಿತಲ್ಲ, ನೀರಿನಡಿಯಲ್ಲೇ ಕಾರ್ಮೆಲ್ ಮಾತೆಗೆ ಹರಕೆ ಹೊತ್ತೆ. ಬದುಕಿದ್ರೆ ಲೋರಿದೊ ಪೀಪಾಯಿಗೆ ಕೈ ಹಚ್ಚಲ್ಲ ಅಂತ. ಹಚ್ಚಲಿಲ್ಲ ಮಾರಾಯ, ಈ ವರ್ಷ ನಿನ್ನ ಪೀಪಾಯಿ ಹತ್ರಾನೂ ಸುಳೀಲಿಲ್ಲ. ನಿನ್ನದು ನಿನ್ನ ಹತ್ರಾನೇ ಇತ್ತು, ನನ್ನದು ನನ್ನ ಹತ್ರ. ನೀನೇ ಗೆಲ್ತೀಯ ಅಂತಿದ್ದೆ. ಆದ್ರೆ ನೋಡು, ನಾನು ಸವರಿದ ಬಳ್ಳಿ, ನಾನು ಒರೆಸಿದ ಎಲೆ!" ಅಮಾರೊನಿಗೆ ಈಗ ಲೆಕ್ಕ ಸಿಕ್ಕಿತು. ಈ ಒಂದು ವರ್ಷ, ಹನ್ನೊಂದು ವರ್ಷಗಳ ಮೇಲೆ ಈ ಒಂದೇ ವರ್ಷ, ಅಮ್ಮನ ಬಳ್ಳಿಯ ವೈನ್ ತನ್ನದೇ ನೆಲಮಾಳಿಗೆಯಲ್ಲಿ, ತನ್ನದೇ ಮುದ್ರೆಯ ಕೆಳಗೆ ಸುಮ್ಮನೆ ಕಾಯುತ್ತಿತ್ತು. ಭಕ್ತಿಯಿಂದ ಒಂದು ಹನಿಯೂ ಬಾಯಿಗಿಡದೆ, ಅದನ್ನು ಪೂರ್ತಿ ಹಿಂಡಿ ಪಕ್ಕದ ಮನೆಗೆ ಒಯ್ದು ಸುರಿದವನು ತಾನೇ. ಹೇಳಬೇಕೆಂದರೆ ಬಾಯಿ ತೆರೆಯಬೇಕು. ತೆರೆದರೆ ಕಳ್ಳ ತಾನು. ಕೈಗಾಡಿಯ ಕಡೆ ನೋಡಿದ. ಕರಿಯ ಶಾಲು ಕೆಮ್ಮುತ್ತಿತ್ತು. "ಸಿಬ್ರಾನ್," ಎಂದ, "ನಿನ್ನ ಮೇಲೆ ನನಗೇನೂ ಇಲ್ಲ. ಈ ವರ್ಷದ ಹೆಸರೊಂದು ನಮಗೆ ಬಿಟ್ಕೊಡು. ಅಮ್ಮನಿಗೋಸ್ಕರ." ಸಿಬ್ರಾನ್ ಅವನ ಎರಡೂ ಕೈ ಹಿಡಿದುಕೊಂಡ. "ಹಿಂದಿನ ಹನ್ನೊಂದೂ ತಗೋ. ಈಗಲೇ ಪಾದ್ರಿ ಮುಂದೆ ನಿಂತು ಹೇಳ್ತೀನಿ, ಊರೆಲ್ಲ ಉಗೀಲಿ. ದೋಣಿ ಬೇಕಾ, ತಗೋ. ತೆಪ್ಪ ಬೇಕಾ, ತಗೋ. ಇದೊಂದು ಕೇಳಬೇಡ ಅಮಾರೊ. ನಾನು ಕೈಯಾರೆ, ಕದೀದೆ ಮಾಡಿದ್ದು ಅಂತ ಇರೋದು ಈ ಒಂದು ಪೀಪಾಯಿ. ಇದನ್ನ ಕೊಡಲ್ಲ."